ಆನೆ ಕಾಸಿನ ಊರು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಪಾಂಡವಪುರವನ್ನು ಬಿಟ್ಟು ಸ್ವಲ್ಪ ದೂರ ಸಾಗಿದೊಡನೆ ಗಾಡಿಯಲ್ಲಿ ಒಂದು ಸಣ್ಣ ಗಡಿಬಿಡಿ ಆರಂಭವಾಗುತ್ತದೆ. ಅದುವರೆಗೆ ತೂಕಡಿಸುತ್ತಿದ್ದವರು ಎದ್ದು ಕೂರುತ್ತಾರೆ. ಹೆಂಗಸರು ಕೈಚೀಲ ತೆರೆಯುತ್ತಾರೆ, ಗಂಡಸರ ಕೈ ಜೇಬಿಗೆ ಇಳಿಯುತ್ತದೆ. ಕಾವೇರಿಯ ಸೇತುವೆಯ ಮೇಲೆ ಚಕ್ರಗಳ ಸದ್ದು ಬದಲಾಗುವುದೇ ತಡ, ಕಿಟಕಿ ಕಿಟಕಿಯಿಂದಲೂ ನಾಣ್ಯಗಳು ಹೊಳೆಗೆ ಬೀಳುತ್ತವೆ. ಮುಗಿದ ಕೈಗಳು ಒಂದು ಕ್ಷಣ ಹಣೆಗೆ ಏರಿ ಇಳಿಯುತ್ತವೆ.

ಒಂದು ಭಾನುವಾರದ ಬೆಳಿಗ್ಗೆ ಆ ಗಾಡಿಯಲ್ಲಿ ಬಸವನಗುಡಿಯ ಮೂವರು ಕುಳಿತಿದ್ದರು: ಅಂಚೆ ಇಲಾಖೆಯಿಂದ ನಿವೃತ್ತರಾದ ತಾತ, ಅವರ ಪತ್ನಿ, ಹನ್ನೆರಡು ವರ್ಷದ ಮೊಮ್ಮಗಳು. ಮುದುಕಿ ತನ್ನ ಪಾಲಿನ ನಾಣ್ಯವನ್ನು ಆಗಲೇ ಹೊಳೆಗೆ ಅರ್ಪಿಸಿಯಾಗಿತ್ತು. ಹುಡುಗಿ ಮಾತ್ರ ಕೈಗೆ ಬಂದ ಎರಡು ರೂಪಾಯಿಯ ನಾಣ್ಯವನ್ನು ಬೆಳಕಿಗೆ ಹಿಡಿದು ಇಸವಿಯ ಕೆಳಗೆ ಏನನ್ನೋ ಹುಡುಕುತ್ತಿದ್ದಳು. ಹುಡುಕಿ ಮುಗಿಸುವುದರೊಳಗೆ ಸೇತುವೆ ಹಿಂದೆ ಸರಿದು, ಗಾಡಿ ಶ್ರೀರಂಗಪಟ್ಟಣದ ನಿಲ್ದಾಣವನ್ನು ಸೇರಿತು. ಅಜ್ಜಿ ಒಂದು ಮಾತೂ ಆಡಲಿಲ್ಲ. ಕಳೆದ ಶುಕ್ರವಾರದಿಂದ ಆಕೆ ಮೊಮ್ಮಗಳ ನಾಣ್ಯಗಳ ಸುದ್ದಿಗೇ ಹೋಗುತ್ತಿರಲಿಲ್ಲ.

ಆ ಶುಕ್ರವಾರದ ಕಥೆಗೆ ಮೊದಲು ಅದರ ಹಿಂದಿನ ಕಥೆಯನ್ನು ಹೇಳಬೇಕು.

ಹುಡುಗಿಗೆ ನಾಣ್ಯದ ಹುಚ್ಚು ಹಿಡಿದದ್ದು ಹಾಲಿನಂಗಡಿಯ ಚಿಲ್ಲರೆಯಿಂದ. ನಾಣ್ಯದ ಇಸವಿಯ ಕೆಳಗೆ ಒಮ್ಮೊಮ್ಮೆ ಒಂದು ಪುಟ್ಟ ಗುರುತಿರುತ್ತದೆ ಎಂಬುದನ್ನು ತಾತ ಒಂದು ಸಂಜೆ ಭೂತಗನ್ನಡಿಯಲ್ಲಿ ತೋರಿಸಿದರು. ವಜ್ರದಾಕಾರವಿದ್ದರೆ ಅದು ಮುಂಬಯಿಯ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಬರಿಯ ಚುಕ್ಕೆಯಿದ್ದರೆ 1988ರಲ್ಲಿ ಆರಂಭವಾದ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕಲ್ಕತ್ತೆಯದು. ಇಷ್ಟು ತಿಳಿದ ಮೇಲೆ ಮನೆಯ ಚಿಲ್ಲರೆ ಡಬ್ಬಿಯೇ ಒಂದು ದೇಶದ ಭೂಪಟವಾಯಿತು. ಒಂದು ರೂಪಾಯಿಯ ನಾಣ್ಯವನ್ನು ಸಂಗ್ರಹಿಸಲು ತಗಲುವ ವೆಚ್ಚ ಒಂದೇ ರೂಪಾಯಿ. ಬೇಸರ ಬಂದ ದಿನ ಅದನ್ನು ಕೊಟ್ಟು ಕೊತ್ತಂಬರಿ ಸೊಪ್ಪು ತರಬಹುದು. ಇಷ್ಟು ಅಗ್ಗವಾದ, ಇಷ್ಟು ನಿರಪಾಯವಾದ ಹವ್ಯಾಸ ಮತ್ತೊಂದಿರಲಾರದು.

ಎರಡನೆಯ ಗಣಿ ಅಜ್ಜಿಯ ಸಾಸಿವೆ ಡಬ್ಬಿಯಲ್ಲಿ ಸಿಕ್ಕಿತು. ಅದರ ತಳದಲ್ಲಿ ಯುದ್ಧಕಾಲದ ತಾಮ್ರದ ಅಭಾವದಿಂದ 1943ರಲ್ಲಿ ಹೊರಟ ತೂತಿನ ಕಾಸುಗಳು ನಾಲ್ಕು, 1947ರ ಹುಲಿಯ ಚಿತ್ರದ ಅರ್ಧ ರೂಪಾಯಿ ಒಂದು, 1957ರ ಏಪ್ರಿಲ್ ಒಂದರಂದು ದಶಮಾಂಶ ಪದ್ಧತಿ ಬಂದಾಗ ಹುಟ್ಟಿದ ನಯಾ ಪೈಸೆಗಳು ಒಂದು ಹಿಡಿ ಇದ್ದವು. ಅರ್ಧ ರೂಪಾಯಿಯನ್ನು ಅಯಸ್ಕಾಂತದ ಹತ್ತಿರ ಹಿಡಿದಾಗ ಅದು ಪಟ್ಟನೆ ಅಂಟಿಕೊಂಡಿತು. ಬೆಳ್ಳಿಯೆಂದು ಅಷ್ಟು ವರ್ಷ ಜೋಪಾನ ಮಾಡಿದ್ದ ಅಜ್ಜಿಯ ಮುಖ ಸ್ವಲ್ಪ ಬಾಡಿತು. ಆ ನಾಣ್ಯ ನಿಕ್ಕಲಿನದು. ಬೆಳ್ಳಿಯನ್ನು ಅಯಸ್ಕಾಂತ ಸೆಳೆಯುವುದಿಲ್ಲ.

ಇದಾದ ಮೇಲೆ ಹುಡುಗಿಗೆ ನಿಜವಾಗಿ ಹಳೆಯದೊಂದು ಬೇಕೆನಿಸಿತು. ಹಬ್ಬಗಳಲ್ಲಿ ಕೂಡಿಟ್ಟಿದ್ದ ಐನೂರು ರೂಪಾಯಿಗಳನ್ನು ಹಿಡಿದು, ತಾತನೊಡನೆ ಚಿಕ್ಕಪೇಟೆಯ ಸಂಡೆ ಬಜಾರಿಗೆ ಹೊರಟಳು. ಮುರಿದ ಗಡಿಯಾರ, ಹಿತ್ತಾಳೆ ಬೀಗ, ಯಾರದೋ ಮನೆಯ ಮದುವೆ ಚಿತ್ರದ ಚೌಕಟ್ಟು, ಇವುಗಳ ನಡುವೆ ಗೋಣಿತಾಟಿನ ಮೇಲೆ ನಾಣ್ಯಗಳ ಗುಡ್ಡೆಯಿತ್ತು.

ಆ ಗುಡ್ಡೆಯಲ್ಲಿ ಎಲ್ಲಕ್ಕಿಂತ ಚೆಲುವಾಗಿ ಕಂಡದ್ದು ಒಂದು ಕಡೆ ಹನುಮಂತನೂ ಮತ್ತೊಂದು ಕಡೆ ಈಸ್ಟ್ ಇಂಡಿಯಾ ಕಂಪೆನಿಯ ಹೆಸರೂ 1818 ಎಂಬ ಇಸವಿಯೂ ಇದ್ದ ದೊಡ್ಡ ತಾಮ್ರದ ಬಿಲ್ಲೆ. “ಅಪರೂಪದ್ದು ಯಜಮಾನ್ರೇ, ಇದು ಅಕ್ಕಿ ಎಳೆಯುತ್ತೆ,” ಎಂದ ಮಾರುವವನು. ತಾತ ನಕ್ಕು ಅದನ್ನು ಇದ್ದಲ್ಲಿಯೇ ಇಟ್ಟರು. ಕಂಪೆನಿ ಇಂಥ ನಾಣ್ಯವನ್ನು ಎಂದೂ ಅಚ್ಚು ಹಾಕಿಸಲಿಲ್ಲ. ಇವು ಬಹಳ ಈಚಿನ ಕಾಲದ ಬಿಲ್ಲೆಗಳು. ಅಕ್ಕಿ ಕಾಳನ್ನು ಸೆಳೆಯುವ ದೈವೀ ನಾಣ್ಯವೆಂದು ನಂಬಿಸಿ, ಕೋಟಿ ಬರುತ್ತದೆಂದು ಆಸೆ ಹುಟ್ಟಿಸಿ, ಓದುಬರಹ ಬಲ್ಲ ಕುಟುಂಬಗಳಿಂದಲೂ ಲಕ್ಷಗಟ್ಟಲೆ ಕಿತ್ತ ಮೋಸಗಾರರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಚಲಾವಣೆಯಲ್ಲಿರುವ ಐದು ರೂಪಾಯಿ, ಹತ್ತು ರೂಪಾಯಿಗಳಿಗೂ ಲಕ್ಷ ಕೊಡುತ್ತೇವೆಂದು ಹೇಳುವವರಿದ್ದಾರೆ. ಅವರು ಮೊದಲು ಕೇಳುವುದು ಶುಲ್ಕವನ್ನು. ಹಳೆಯ ನೋಟು ನಾಣ್ಯಗಳ ವ್ಯಾಪಾರದಲ್ಲಿ ತಾನಿಲ್ಲ, ತನ್ನ ಹೆಸರಿನಲ್ಲಿ ಶುಲ್ಕ ವಸೂಲು ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಬೇಕಾಯಿತು. ನಾಣ್ಯಸಂಗ್ರಹದಿಂದ ಶ್ರೀಮಂತನಾಗುವೆನೆಂದು ಹೊರಟವನು ಬಹುಮಟ್ಟಿಗೆ ಇನ್ನೊಬ್ಬನನ್ನು ಶ್ರೀಮಂತನನ್ನಾಗಿ ಮಾಡಿ ಮನೆಗೆ ಬರುತ್ತಾನೆ.

ಹುಡುಗಿಯ ಕಣ್ಣು ಆ ವೇಳೆಗೆ ಇನ್ನೊಂದರ ಮೇಲೆ ಬಿದ್ದಿತ್ತು. ಕಂದು ಬಣ್ಣದ, ದಪ್ಪನೆಯ, ಸರಿಯಾಗಿ ದುಂಡಗೂ ಇಲ್ಲದ ಒಂದು ತಾಮ್ರದ ತುಂಡು. ಓರೆಯಾಗಿ ಹಿಡಿದರೆ ಅದರ ಮೇಲೆ ಒಂದು ಆನೆ ನಿಂತಿತ್ತು. ಮುನ್ನೂರೈವತ್ತು ಎಂದವನು ಇನ್ನೂರೈವತ್ತಕ್ಕೆ ಇಳಿದ. ಉಳಿದ ಹಣದಲ್ಲಿ ಒಂದು ನೋಟುಬುಕ್ಕು, ಕಾಗದದ ಸಣ್ಣ ಲಕೋಟೆಗಳು, ಇಬ್ಬರಿಗೂ ಕಾಫಿ.

ಅಂದು ರಾತ್ರಿ ಊಟದ ಮೇಜಿನ ಮೇಲೆ ಆ ನಾಣ್ಯವನ್ನು ಓದುವ ಕೆಲಸ ನಡೆಯಿತು. ತೂಕ ಸುಮಾರು 11 ಗ್ರಾಂ. ಅಯಸ್ಕಾಂತಕ್ಕೆ ಅಂಟಲಿಲ್ಲ. ಆನೆಯ ಮೇಲ್ಗಡೆ ನಾಲ್ಕು ಅಂಕೆಗಳು. ಪಾರಸಿಯ ಹತ್ತು ಅಂಕೆಗಳನ್ನು ಕಲಿಯಲು ಅರ್ಧ ಗಂಟೆ ಸಾಕು. ಬಸ್ಸಿನ ಹಲಗೆ ಓದುವುದಕ್ಕಿಂತ ಅದೇನೂ ಕಷ್ಟವಲ್ಲ. ಹುಡುಗಿ ಎಡದಿಂದ ಓದಿದಳು: 5121. ಅಂಥ ವರ್ಷ ಕ್ರಿಸ್ತಶಕದಲ್ಲಾಗಲಿ ಹಿಜರಿಯಲ್ಲಾಗಲಿ ಇನ್ನೂ ಬಂದಿಲ್ಲವಲ್ಲ! ಜೆ. ಆರ್. ಹೆಂಡರ್ಸನ್ ಎಂಬುವರು ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ನಾಣ್ಯಗಳನ್ನು ಕುರಿತು ಬರೆದ ಪುಸ್ತಕ 1921ರಲ್ಲಿ ಮದರಾಸಿನಲ್ಲಿ ಅಚ್ಚಾಗಿದೆ. ಅಂಥ ಹಳೆಯ ಪುಸ್ತಕಗಳನ್ನು ಇಂದು ಹಣ ಕೊಡದೆ ಓದಬಹುದು. ತಾತ ಅದನ್ನು ಹುಡುಕಿ ತೆಗೆದರು. ಟಿಪ್ಪು ತನ್ನ ಆಳ್ವಿಕೆಯ ನಡುವೆ ಹಿಜರಿ ಶಕೆಯನ್ನು ಬಿಟ್ಟು, ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಜಾರಿಗೆ ತಂದ. ಅಂಕೆಗಳನ್ನೂ ಬಲದಿಂದ ಎಡಕ್ಕೆ ಬರೆಯಿಸಿದ. ಆದ್ದರಿಂದ ಅದು 5121 ಅಲ್ಲ, 1215. ಇದನ್ನು ಹಿಜರಿಯೆಂದು ಎಣಿಸಿದರೆ ಕ್ರಿಸ್ತಶಕ 1800 ಬರುತ್ತದೆ, ಅಂದರೆ ಟಿಪ್ಪು ಮಡಿದ ಮರುವರ್ಷ. ಮೌಲೂದಿಯೆಂದು ಎಣಿಸಿದರೆ 1787. ಬೆನ್ನಿನ ಕಡೆ ಅರೆಬರೆ ಉಳಿದಿದ್ದ ಅಕ್ಷರಗಳು ಊರಿನ ಹೆಸರನ್ನು ಹೇಳಿದವು: ಪಟ್ಟನ್. ಶ್ರೀರಂಗಪಟ್ಟಣ.

ಇನ್ನೂರೈವತ್ತು ರೂಪಾಯಿಗೆ ಇಷ್ಟು ದೊಡ್ಡ ರಾತ್ರಿ ಆ ಮನೆಯಲ್ಲಿ ಹಿಂದೆ ಆಗಿರಲಿಲ್ಲ. ಹುಡುಗಿ ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದಳು: ಕೊಂಡ ದಿನ, ಸ್ಥಳ, ಬೆಲೆ, ತೂಕ, ಅಂಕೆಗಳು, ಆನೆ ಯಾವ ಕಡೆಗೆ ಮುಖ ಮಾಡಿದೆ ಎಂಬುದು. ಮಾರನೆಯ ಭಾನುವಾರವೇ ಶ್ರೀರಂಗಪಟ್ಟಣಕ್ಕೆ ಹೋಗುವುದೆಂದೂ ನಿಶ್ಚಯವಾಯಿತು.

ನಡುವೆ ಶುಕ್ರವಾರ ಬಂದಿತು. ಅಜ್ಜಿ ದೇವರ ಮನೆಯ ದೀಪಗಳನ್ನು ತೊಳೆಯುವ ದಿನ. ಮೇಜಿನ ಮೇಲೆ ಕಿಲುಬು ಹಿಡಿದು ಬಿದ್ದಿದ್ದ ಕಾಸನ್ನು ಕಂಡು, ಮಗು ಇದಕ್ಕಾಗಿ ಇಷ್ಟು ಸಂಭ್ರಮಪಡುತ್ತಿದೆಯಲ್ಲ ಎಂಬ ಅಕ್ಕರೆಯಿಂದಲೇ, ಹುಣಸೆಹಣ್ಣು ಹಚ್ಚಿ ಚೆನ್ನಾಗಿ ಉಜ್ಜಿದಳು. ಶಾಲೆಯಿಂದ ಬಂದ ಹುಡುಗಿಯ ಕೈಗೆ ಸಿಕ್ಕಿದ್ದು ಅಂಗಡಿಯಿಂದ ಆಗತಾನೆ ತಂದ ಚೊಂಬಿನಂತೆ ಕೆಂಪಗೆ ಹೊಳೆಯುವ ಬಿಲ್ಲೆ.

“ಅಜ್ಜೀ, ಏನು ಮಾಡಿದೆ!”

“ಕಿಲುಬು ಹಿಡಿದಿತ್ತು ಕಣೇ. ದೇವರ ದೀಪದ ಜೊತೆಗೇ ತೊಳೆದೆ. ಹೊಳೀತಿಲ್ವೇನೆ?”

ಹೊಳೆಯುತ್ತಿತ್ತು. ಅದೇ ದುಃಖ. ತಾಮ್ರದ ಮೇಲೆ ಆ ಕಂದು ಪೊರೆ ಕಟ್ಟಲು ಇನ್ನೂರಕ್ಕೂ ಹೆಚ್ಚು ವರ್ಷ ಹಿಡಿದಿತ್ತು. ಅದು ಕೊಳೆಯಲ್ಲ, ಲೋಹವು ತಾನೇ ಹೊದ್ದ ಹೊದಿಕೆ. ಸವೆದ ಅಂಕೆಗಳ ಕುಳಿಗಳಲ್ಲಿ ಕಪ್ಪು ನಿಂತಿದ್ದರಿಂದಲೇ ಅವು ಕಣ್ಣಿಗೆ ಕಾಣುತ್ತಿದ್ದವು. ಹುಳಿ ಅದನ್ನು ಐದು ನಿಮಿಷದಲ್ಲಿ ತಿಂದು ಹಾಕಿತು. ಸಂಗ್ರಾಹಕರು ಉಜ್ಜಿದ ನಾಣ್ಯಕ್ಕೆ ಅರ್ಧ ಬೆಲೆಯನ್ನೂ ಕೊಡಲು ಹಿಂದೆಗೆಯುತ್ತಾರೆ. ಮಣ್ಣು ಮೆತ್ತಿದ್ದರೆ ಶುದ್ಧ ನೀರಿನಲ್ಲಿ ನೆನೆಸಿ, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ತೇವ ತೆಗೆದರೆ ಸಾಕು. ಉಜ್ಜುವುದೆಂದರೆ ಅಳಿಸುವುದೆಂದೇ ಅರ್ಥ. ಮೆತು ಪ್ಲಾಸ್ಟಿಕ್ಕಿನ ಹಾಳೆಗಳಲ್ಲಿ ವರ್ಷಗಟ್ಟಲೆ ಇಟ್ಟರೂ ಹಾನಿಯೇ, ಅದು ಬೆವರಿ ಲೋಹವನ್ನು ಹಸುರಾಗಿಸುತ್ತದೆ. ಇದನ್ನೆಲ್ಲ ತಾತ ಮೊದಲೇ ಮನೆಮಂದಿಗೆ ಹೇಳಬೇಕಾಗಿತ್ತು; ಹೇಳಿರಲಿಲ್ಲ. ಹುಡುಗಿ ಅತ್ತಳು. ಅಜ್ಜಿ ಅಳಲಿಲ್ಲ. ಆದರೆ ಮರುದಿನದಿಂದ ಆ ಮೇಜಿನ ಮೇಲಿನ ಧೂಳನ್ನೂ ಒರೆಸಲಿಲ್ಲ.

ಹೀಗೆ ಮೂವರೂ ಒಂದೊಂದು ಮನಸ್ಸಿನಿಂದ ಶ್ರೀರಂಗಪಟ್ಟಣದಲ್ಲಿ ಇಳಿದರು. ಅಜ್ಜಿಗೆ ರಂಗನಾಥನ ದರ್ಶನ; ತಾತನಿಗೆ ದರಿಯಾ ದೌಲತ್; ಹುಡುಗಿಗೆ ತನ್ನ ಕಾಸು ಹುಟ್ಟಿದ ಊರು.

ಈ ಊರಿಗೆ ರೈಲು ಬರುವುದೇ ಒಂದು ವಿಚಿತ್ರ. ಹಳಿಗಳು ಕೋಟೆಯೊಳಗೇ ನುಗ್ಗುತ್ತವೆ. ಜೋಡಿ ಹಳಿ ಹಾಕುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ದಾರಿಗೆ ಅಡ್ಡವಾಯಿತು. ಕೆಡವುವುದಕ್ಕೆ ಬದಲಾಗಿ 2017ರಲ್ಲಿ ಇಡೀ ಕಟ್ಟಡವನ್ನೇ ಮೇಲೆತ್ತಿ, ನೂರು ಮೀಟರಿಗೂ ಹೆಚ್ಚು ದೂರ ಜರುಗಿಸಿ ಕೂರಿಸಿದರು. ಅಜ್ಜಿಗೆ ಇದು ನಂಬಲಾಗದ ಮಾತಾಯಿತು. ಕೋಟೆ, ದೇವಾಲಯದ ಗೋಪುರ, 1787ರ ಮಸೀದಿಯ ಜೋಡಿ ಮಿನಾರುಗಳು, ಎಳನೀರು ಮಾರುವವರು, ಎಲ್ಲವೂ ಕೂಗಿದರೆ ಕೇಳಿಸುವಷ್ಟು ಹತ್ತಿರ. ನದಿ ಎರಡು ಕವಲಾಗಿ ಸುತ್ತಿದ ಈ ಸಣ್ಣ ದ್ವೀಪ ಒಂದು ರಾಜ್ಯದ ರಾಜಧಾನಿಯಾಗಿತ್ತು ಎಂಬುದನ್ನು ನೆನಪಿಗೆ ತಂದುಕೊಳ್ಳಲು ಪ್ರಯತ್ನ ಬೇಕಾಗುತ್ತದೆ.

ಆದರೆ ಇಲ್ಲಿಯ ತಾಮ್ರ ಎಲ್ಲೆಲ್ಲಿಗೂ ಹೋಯಿತು. ಆನೆಯನ್ನು ನಾಣ್ಯದ ಮೇಲೆ ತರುವುದು ಗಂಗರ ಕಾಲದಿಂದಲೂ ಈ ಸೀಮೆಗೆ ಹೊಸತಲ್ಲ. ಹೈದರಾಲಿ ತನ್ನ ಕೊನೆಯ ವರ್ಷಗಳಲ್ಲಿ, 1780ರ ಸುಮಾರಿಗೆ, ಅದನ್ನು ತಾಮ್ರದ ಪೈಸೆಯ ಮೇಲೆ ತಂದ. ಮಗ ಅದನ್ನು ಹತ್ತಕ್ಕೂ ಹೆಚ್ಚು ಟಂಕಸಾಲೆಗಳಲ್ಲಿ ಅಚ್ಚು ಹಾಕಿಸಿದ. ಊರುಗಳಿಗೆ ಹೊಸ ಹೆಸರಿಟ್ಟಂತೆ ನಾಣ್ಯಗಳಿಗೂ ಇಟ್ಟ. ಎರಡು ಪೈಸೆ ಮುಶ್ತರಿ, ಅಂದರೆ ಗುರು. ಒಂದು ಪೈಸೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಬಹ್ರಾಮ್, ಅಂದರೆ ಮಂಗಳ. ಕಾಲು ಅಖ್ತರ್, ಅಂದರೆ ತಾರೆ. ಅರೆಕಾಲು ಕುತುಬ್, ಅಂದರೆ ಧ್ರುವ. ಉಪ್ಪು ಎಣ್ಣೆ ಕೊಳ್ಳುವ ಪುಡಿಗಾಸಿಗೆ ಗ್ರಹ ನಕ್ಷತ್ರಗಳ ಹೆಸರು! ಧಾರವಾಡದಲ್ಲಿ ಅಚ್ಚಾದ ಕಾಸಿನ ಮೇಲೆ ಖುರ್ಷೀದ್ ಸವಾದ್ ಎಂದಿರುತ್ತದೆ. ಚಿತ್ರದುರ್ಗದ್ದರ ಮೇಲೆ ಫರ್ರುಖ್‌ಯಾಬ್ ಹಿಸಾರ್. ನಗರದ್ದು ನಗರವೇ. ಹಣ ಕಡಿಮೆಯಿರುವ ಆರಂಭಿಕನು ಹೀಗೊಂದು ಪುಟ್ಟ ಹೊಲವನ್ನು ಆರಿಸಿಕೊಂಡರೆ ಚಿನ್ನದ ವರಹಗಳ ಕಡೆ ಕಣ್ಣೆತ್ತಬೇಕಾಗಿಯೇ ಇಲ್ಲ. ಚಿನ್ನ ಬೊಕ್ಕಸದಲ್ಲಿ ಮಲಗಿತ್ತು, ಅಕ್ಕಸಾಲಿಯ ಮೂಸೆಯಲ್ಲಿ ಕರಗಿತು. ಬಡವರ ಅಡಕೆ ಸಂಚಿಯಲ್ಲಿ ಓಡಾಡಿದ ತಾಮ್ರವೇ ಹೆಚ್ಚು ಉಳಿದಿದೆ, ಉಳಿದದ್ದರಿಂದಲೇ ಅಗ್ಗ. ನಮ್ಮ ಮಾತೂ ಅದನ್ನು ಉಳಿಸಿಕೊಂಡಿದೆ. ಹಣ, ಕಾಸು, ದುಡ್ಡು, ಇವು ಮೂರೂ ಒಂದು ಕಾಲಕ್ಕೆ ಬೇರೆ ಬೇರೆ ನಾಣ್ಯಗಳ ಹೆಸರುಗಳು.

ದೇವಾಲಯದಲ್ಲಿ ಸಾಲು ಉದ್ದವಿತ್ತು. ಶೇಷಶಾಯಿಯ ಮುಂದೆ ಅಜ್ಜಿ ಎಷ್ಟು ಹೊತ್ತು ನಿಂತರೂ ಸಾಲದೆ, ಹಿಂದಿನವರು ತಳ್ಳಿದ ಮೇಲೆಯೇ ಹೊರಗೆ ಬಂದಳು. ಅಲ್ಲಿಂದ ಆಟೋದಲ್ಲಿ ದರಿಯಾ ದೌಲತ್ತಿಗೆ.

1784ರ ಈ ಬೇಸಗೆಯ ಅರಮನೆ ಹೊರಗಿನಿಂದ ತಟ್ಟಿ ಮುಚ್ಚಿದ ಮನೆಯಂತೆ ಕಾಣುತ್ತದೆ. ಒಳಗೆ ಹೆಜ್ಜೆಯಿಟ್ಟರೆ ಗೋಡೆಯಲ್ಲಿ ಒಂದು ಗೇಣೂ ಬಿಡದಂತೆ ಬಣ್ಣ. ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರಿನ ಕಾಳಗ. ಆನೆ, ಕುದುರೆ, ಕೆಂಪಂಗಿಯ ಸಿಪಾಯಿಗಳು, ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಗಾಯಗೊಂಡ ಬೇಯ್ಲಿ. ಈ ಚಿತ್ರಕ್ಕೆ ಒಮ್ಮೆ ಸುಣ್ಣ ಬಳಿಯಲಾಗಿತ್ತು, ಆಮೇಲೆ ಮತ್ತೆ ಬರೆಯಿಸಲಾಯಿತು, ಡಾಲ್‌ಹೌಸಿಯ ಕಾಲದಲ್ಲಿ ಇನ್ನೊಮ್ಮೆ ಬಣ್ಣ ಹಚ್ಚಲಾಯಿತು ಎಂದು ತಾತ ವಿವರಿಸುತ್ತಿದ್ದರು.

“ಹಾಗಾದರೆ ಇದನ್ನೂ ಯಾರೋ ತೊಳೆದಿದ್ದಾರೆ ಅನ್ನಿ,” ಎಂದಳು ಅಜ್ಜಿ, ಯಾರ ಕಡೆಗೂ ನೋಡದೆ.

ತಾತ ಕೆಮ್ಮಿದರು. ಹುಡುಗಿ ಗೋಡೆಯ ಕಡೆ ತಿರುಗಿ ನಗು ತಡೆದುಕೊಂಡಳು.

ಒಳಗಿನ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳಲ್ಲಿ ಇತರ ವಸ್ತುಗಳ ನಡುವೆ ನಾಣ್ಯಗಳೂ ಇವೆ. ಹುಡುಗಿ ಲಕೋಟೆಯಿಂದ ತನ್ನದನ್ನು ತೆಗೆದು ಗಾಜಿಗೆ ತಾಗಿಸಿ ಹಿಡಿದಳು. ಒಳಗಿನವು ಕಂದು, ಅವಳದು ಕೆಂಪು. ಅಂಕೆಗಳನ್ನು ಓದಲು ನೋಡಿದಳು. ಮೊದಲ ಎರಡು ಕಾಣಲೇ ಇಲ್ಲ. ನೋಟುಬುಕ್ಕಿನಲ್ಲಿ ಮಾತ್ರ ನಾಲ್ಕೂ ಇದ್ದವು. ಸ್ವಲ್ಪ ಹೊತ್ತು ಯೋಚಿಸಿ, ಪೆನ್ಸಿಲು ತೆಗೆದು ಲಕೋಟೆಯ ಬೆನ್ನಿನ ಮೇಲೆ ಒಂದು ಸಾಲು ಸೇರಿಸಿದಳು: “ಹುಣಸೆಹಣ್ಣಿನಿಂದ ತೊಳೆದದ್ದು. ತೊಳೆದವರು ಅಜ್ಜಿ.” ಇನ್ನು ನೂರು ವರ್ಷದ ಮೇಲೆ ಅದು ಯಾರ ಕೈಗೆ ಹೋದರೂ ಅದರ ಕೆಂಪಿನ ಕಾರಣ ಅವರಿಗೆ ತಿಳಿಯಬೇಕಲ್ಲವೇ? ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿದಳು. ಎರಡು ಸಲ ಓದಿದಳು.

ಊಟವಾದ ಮೇಲೆ ಗುಂಬಜಿನ ದಾರಿಯಲ್ಲಿ ಒಬ್ಬ ಎದುರಾದ. ಅಂಗೈಯಲ್ಲಿ ಐದಾರು ಆನೆ ಕಾಸು. “ಟಿಪ್ಪು ಕಾಲದ್ದು ಸಾರ್, ಹೊಳೇಲಿ ಸಿಕ್ಕಿದ್ದು.” ಹುಡುಗಿ ಎರಡನ್ನು ಕೇಳಿ ತೆಗೆದುಕೊಂಡು ಪಕ್ಕಪಕ್ಕದಲ್ಲಿ ಇಟ್ಟಳು. ಕೈಯಿಂದ ಅಚ್ಚು ಹಾಕುವಾಗ ತಾಮ್ರದ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಬಡಿಯುತ್ತಿದ್ದರು. ಒಂದು ಪೆಟ್ಟು ಎಡಕ್ಕೆ, ಒಂದು ಬಲಕ್ಕೆ. ಎರಡು ನಾಣ್ಯಗಳು ತದ್ವತ್ತಾಗಿ ಹೊಂದಲಾರವು. ಇಲ್ಲಿ ಎರಡು ಆನೆಗಳಿಗೂ ಹಿಂಗಾಲಿನ ಹತ್ತಿರ ಒಂದೇ ಆಕಾರದ ಕುಳಿ, ಅಂಚಿನಲ್ಲಿ ಎರಕದ ಗೆರೆ.

“ಎರಡು ಆನೆಗೂ ಒಂದೇ ಕಾಲು ಕುಂಟು, ಅಂಕಲ್,” ಎಂದಳು.

ಅವನು ನಕ್ಕುಬಿಟ್ಟ. ಕಾಸುಗಳನ್ನು ಜೇಬಿಗೆ ಹಾಕಿಕೊಂಡು, ಬಸ್ಸಿನಿಂದ ಇಳಿಯುತ್ತಿದ್ದ ಇನ್ನೊಂದು ಗುಂಪಿನ ಕಡೆಗೆ ನಡೆದ. ಅವು ನಿಜವಾದವೇ ಆಗಿದ್ದು, ನೆಲದಲ್ಲಿ ಹೂತ ನಿಧಿಯಿಂದ ಬಂದಿದ್ದರೂ ಕೊಳ್ಳುವಂತಿರಲಿಲ್ಲ. ಅಂಥದು ಸಿಕ್ಕಿದವನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶಕ್ಕೆ ಒಯ್ಯುವುದನ್ನು 1972ರ ಕಾಯಿದೆ ತಡೆಯುತ್ತದೆ. ಅಮೆರಿಕದ ಮಗನಿಗೆ ನೆನಪಿನ ಕಾಣಿಕೆಯಾಗಿ ಕಳುಹಿಸುವವರು ಇದನ್ನು ಮರೆಯುವುದುಂಟು.

1799ರ ಮೇ 4ರಂದು ಈ ಕೋಟೆ ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು, ಆನೆಯೂ ಜೊತೆಗೆ ಹೋಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಮೊದಲ ಕಾಸುಗಳ ಮೇಲೆ ಅದೇ ಆನೆ, ಮೇಲೆ ಸೂರ್ಯ ಚಂದ್ರ. ಮುಂದೆ ಆನೆಯ ಮೇಲೆ ಕನ್ನಡದಲ್ಲಿ ‘ಶ್ರೀ’, ಆಮೇಲೆ ‘ಶ್ರೀ ಚಾಮುಂಡಿ’. ಕೊನೆಗೆ ಆನೆಯ ಸ್ಥಾನದಲ್ಲಿ ಸಿಂಹ. ಮೈಲಿ ಕಾಸು ಎಂದು ಕರೆಯುವ ಇವುಗಳ ಹಿಂಬದಿಯಲ್ಲಿ ಕನ್ನಡ, ಇಂಗ್ಲಿಷು, ಪಾರಸಿ ಮೂರೂ ಇಕ್ಕಟ್ಟಾಗಿ ಕುಳಿತಿರುತ್ತವೆ. 1843ರ ಇಸವಿಯ ನಂತರ ಅವೂ ಇಲ್ಲ. ಹುಡುಗಿಯ ಮುಂದಿನ ಕಾಸು ಇವುಗಳಲ್ಲೊಂದು ಆಗಬೇಕೆಂದು ಗುಂಬಜಿನ ತೋಟದ ನೆರಳಿನಲ್ಲಿ ಕುಳಿತು ತೀರ್ಮಾನವಾಯಿತು. ಅದನ್ನು ಓದಲು ಹೊಸ ಅಂಕೆಗಳನ್ನು ಕಲಿಯಬೇಕಾಗಿಲ್ಲ. ದಸರೆಯವರೆಗೆ ಹಣ ಕೂಡಿಸಬೇಕು, ಅಷ್ಟೆ.

ಸಂಜೆಯ ಗಾಡಿಯಲ್ಲಿ ಕಿಟಕಿಯ ಪಕ್ಕದ ಸ್ಥಳ ಸಿಕ್ಕಿತು. ನಿಲ್ದಾಣ ಬಿಟ್ಟು ಸೇತುವೆ ಸಮೀಪಿಸುತ್ತಿದ್ದಂತೆ ಮತ್ತೆ ಅದೇ ಗಡಿಬಿಡಿ. ಅಜ್ಜಿ ಸೊಂಟದ ಚೀಲದಿಂದ ಒಂದು ರೂಪಾಯಿಯ ನಾಣ್ಯವನ್ನು ತೆಗೆದಳು. ಕಿಟಕಿಗೆ ಕೈ ಒಡ್ಡಿದವಳು ಹಿಂದಕ್ಕೆ ಎಳೆದುಕೊಂಡು, ಅದನ್ನು ಮೊಮ್ಮಗಳ ಮುಂದೆ ಹಿಡಿದಳು.

“ನಿನಗೆ ಬೇಕಾದ್ದೇನೋ ನೋಡು ಮೊದಲು. ಬೇಗ, ಹೊಳೆ ಬಂತು.”

ಹುಡುಗಿ ಬೆಳಕಿಗೆ ತಿರುಗಿಸಿ ನೋಡಿದಳು. ಇಸವಿಯ ಕೆಳಗೆ ಗುರುತು ಇರಲಿಲ್ಲ.

“ಕಲ್ಕತ್ತೆಯದು ಅಜ್ಜಿ. ಇದೆ ನನ್ನ ಹತ್ತಿರ. ಹಾಕು.”